ಅಡಿವೆಪ್ಪ ಹಡಗು ಹತ್ತಿದ್ದು

ಹೂಂಗುಡುವ ಬಾಯಿ ಒಂದಿದ್ದರೆ ಸಾಕು, ಈ ಕತೆ ತಾನಾಗೇ ನಡೆಯುತ್ತದೆ. ನರಗುಂದದ ಗುಡ್ಡದ ಬುಡಕ್ಕೆ ಫಕೀರವ್ವ ಅಂತ ಒಬ್ಬಳಿದ್ದಳು. ಖಾನಾವಳಿಗೆ ರೊಟ್ಟಿ ಬಡಿದುಕೊಡುವುದು ಅವಳ ಕೆಲಸ. ಅವಳಿಗೆ ಒಬ್ಬನೇ ಮಗ, ಅಡಿವೆಪ್ಪ. ಇಪ್ಪತ್ನಾಲ್ಕು ವರ್ಷ, ಆರಡಿ ಎತ್ತರ, ಬಾಗಿಲಿನಷ್ಟು ಅಗಲ. ದೇವರು ಕಾಲಿನಿಂದ ಶುರುಮಾಡಿ ಧಾರಾಳವಾಗಿ ತುಂಬುತ್ತಾ ಬಂದು, ತಲೆ ಹತ್ತಿರ ಬರುವಷ್ಟರಲ್ಲಿ ಸಾಮಾನು ಮುಗಿದಿತ್ತು.

ಅವನು ಹೇಳಿದ ಮಾತು ಕೇಳುತ್ತಿರಲಿಲ್ಲ ಅಂತಲ್ಲ. ಹೇಳಿದ್ದನ್ನು ಹೇಳಿದಷ್ಟೇ, ಹೇಳಿದ ಹಾಗೇ ಮಾಡುತ್ತಿದ್ದ. ತಾಪತ್ರಯವೇ ಅದು. ಹಾಲು ಉಕ್ಕುತ್ತದೆ, ನೋಡು ಅಂದರೆ ಒಲೆ ಮುಂದೆ ಕೂತು, ಉಕ್ಕುವುದನ್ನು ಕಣ್ಣರಳಿಸಿ ನೋಡಿ, ಎಂಥ ಚಂದ ಉಕ್ಕಿತು ಅಂತ ಬಂದು ಹೇಳುತ್ತಿದ್ದ. ಅದೂ ಅಲ್ಲದೆ ಕೊನೆಗೆ ಕೇಳಿದ ಮಾತೊಂದೇ ಅವನ ತಲೆಯಲ್ಲಿ ನಿಲ್ಲುತ್ತಿತ್ತು. ಹೊಸದು ಒಳಗೆ ಬಂದರೆ ಹಳೆಯದು ಹಿತ್ತಿಲ ಬಾಗಿಲಿನಿಂದ ಹೊರಗೆ.

ಫಕೀರವ್ವ ಹಿಟ್ಟು ನಾದುತ್ತಾ ಓಣಿಯ ಹೆಂಗಸರ ಮುಂದೆ ಅಳುತ್ತಿದ್ದಳು. "ನಾ ಇರೂತನಾ ರೊಟ್ಟಿ ಹಾಕ್ತೀನಿ. ನಾ ಹ್ವಾದ ಮ್ಯಾಲ ಇವಗ ಒಂದು ತುತ್ತು ಯಾರು ಕೊಡತಾರ?"

ಆದರೆ ಒಂದು ಮಾತು ಹೇಳಲೇಬೇಕು. ಅಡಿವೆಪ್ಪನ ಕೈ ಅಂದರೆ ಕೈ. ಗರಡಿಮನೆಯಲ್ಲಿ ಪೈಲವಾನರಿಗೆ ಮಾಲೀಸು ಮಾಡುತ್ತಿದ್ದವನು ಅವನೇ. ಉಳುಕಿದ ಭುಜ ಅವನ ಅಂಗೈ ತಾಕಿದರೆ ನಾಚಿಕೊಂಡು ತನ್ನ ಜಾಗಕ್ಕೆ ಹೋಗುತ್ತಿತ್ತು. ಒಮ್ಮೆ ಹಡಗಿನ ಅಡುಗೆಯವನಾದ ಮಾಬುಸಾಬ ರಜೆಗೆಂದು ಊರಿಗೆ ಬಂದಿದ್ದ. ಕುತ್ತಿಗೆ ಹಿಡಿದುಕೊಂಡಿತ್ತು. ಅಡಿವೆಪ್ಪ ಕೈ ಇಟ್ಟ. ಮಾಬುಸಾಬ ಮಲಗಿದವನು ಮರುದಿನ ಮಧ್ಯಾಹ್ನ ಎದ್ದ. ಎದ್ದವನೇ ಫಕೀರವ್ವನಿಗೆ ಹೇಳಿದ: ಈ ಕೈ ಇರಬೇಕಾದ್ದು ಇಲ್ಲಲ್ಲ, ಹಡಗಿನಲ್ಲಿ. ದೊಡ್ಡ ದೊಡ್ಡ ಪ್ರವಾಸದ ಹಡಗುಗಳಲ್ಲಿ ಸ್ಪಾ ಅಂತ ಇರುತ್ತದೆ, ಮಂದಿ ಅಲ್ಲಿ ಮೈಕೈ ಒತ್ತಿಸಿಕೊಂಡು ಮಲಗುತ್ತಾರೆ. ಮಂಗಳೂರಿನ ಲೊರೆಟ್ಟಾ ಮೇಡಂ ಅದಕ್ಕೆ ಜನ ತಯಾರು ಮಾಡುತ್ತಾಳೆ. ಮೂರು ತಿಂಗಳ ಪಾಠ. ಕೊನೆಗೆ ಹಡಗಿನವರೇ ಬಂದು ಪರೀಕ್ಷೆ ಮಾಡುತ್ತಾರೆ. ಪಾಸಾದರೆ ಹಡಗು, ಇಲ್ಲವಾದರೆ ನರಗುಂದ.

ಹೀಗೆ ಅಡಿವೆಪ್ಪ ಮಂಗಳೂರಿಗೆ ಬಂದ. ಬಸ್ಸಿಳಿದು ಸಮುದ್ರ ನೋಡಿದ. ಅಷ್ಟು ನೀರನ್ನು ಒಂದೇ ಕಡೆ ಇಟ್ಟುಬಿಟ್ಟಿದ್ದಾರಲ್ಲ ಅಂತ ಬಾಯಿ ತೆರೆದವನು, ಸಂಜೆತನಕ ಮುಚ್ಚಲಿಲ್ಲ.

ಲೊರೆಟ್ಟಾ ಮೇಡಂ ಹದಿನೈದು ವರ್ಷ ಹಡಗಿನಲ್ಲೇ ದುಡಿದು ಬಂದ ಗಟ್ಟಿ ಹೆಂಗಸು. ಮೊದಲ ದಿನವೇ ವೃತ್ತಿಯ ಗುಟ್ಟು ಹೇಳಿಕೊಟ್ಟಳು. ಗೆಸ್ಟಿನ ಮೈಮೇಲಿಟ್ಟ ಕೈಯನ್ನು ಒಂದು ಗಂಟೆ ಮುಗಿಯುವ ತನಕ ತೆಗೆಯಬಾರದು. ಎಣ್ಣೆ ತೆಗೆದುಕೊಳ್ಳುವಾಗಲೂ ಒಂದು ಕೈ ಮೈಮೇಲಿರಬೇಕು. ಕೈ ತೆಗೆದರೆ ಮಲಗಿದವನಿಗೆ ಅನಾಥನಾದ ಹಾಗಾಗುತ್ತದೆ. ಎಂಥ ದೊಡ್ಡ ಮಾತು ಅಂತ ಅಡಿವೆಪ್ಪನಿಗೆ ರೋಮಾಂಚನವಾಯಿತು. ಹೂಂ ಅಂದ. ಮನಸ್ಸಿನಲ್ಲಿ ಇಟ್ಟುಕೊಂಡ.

ಅಭ್ಯಾಸಕ್ಕೆ ಮೈ ಕೊಡಲು ಬರುತ್ತಿದ್ದವರು ಸೂರ್ಯನಾರಾಯಣ ರಾಯರು, ರಿಟೈರಾದ ಪೋಸ್ಟ್‌ಮಾಸ್ಟರು. ಅಡಿವೆಪ್ಪ ಅವರ ಬೆನ್ನಿಗೆ ಕೈ ಇಟ್ಟು ಅರ್ಧ ಗಂಟೆ ಆಗಿತ್ತು. ಮನೆಯಿಂದ ಫೋನು ಬಂತು, ನೆಂಟರು ಬಂದಿದ್ದಾರೆ, ಬೇಗ ಬನ್ನಿ ಅಂತ. ರಾಯರು ಎದ್ದರು. ಕೈಯೂ ಎದ್ದಿತು. ಅಂಗಿ ತೊಟ್ಟರು. ಅಂಗಿಯ ಮೇಲೆ ಕೈ. ರಸ್ತೆಗೆ ಇಳಿದರು, ಬಸ್ಸು ಹತ್ತಿದರು, ಬೆನ್ನ ಮೇಲೆ ಕೈ ಹಾಗೇ ಇತ್ತು. ಇನ್ನೂ ಇಪ್ಪತ್ತು ನಿಮಿಷ ಐತ್ರಿ, ಅನಾಥ ಆಗಬ್ಯಾಡ್ರಿ ಅಂತ ಅಡಿವೆಪ್ಪ ಸಮಾಧಾನ ಹೇಳಿದ. ರಾಯರು ನೆಂಟರ ಎದುರಿಗೆ ಕಾಫಿ ಕುಡಿಯುವಾಗ ಗಂಟೆ ಮುಗಿಯಿತು. ಅಡಿವೆಪ್ಪ ಕೈ ತೆಗೆದು, ನಮಸ್ಕಾರ ಮಾಡಿ ನಡೆದುಕೊಂಡು ಬಂದ.

"ಎಂತ ಮಾರಾಯ ಇದು!" ಲೊರೆಟ್ಟಾ ಮೇಡಂ ತಲೆಯ ಮೇಲೆ ಕೈ ಹೊತ್ತಳು. ಗೆಸ್ಟನ್ನು ಯಾರಾದರೂ ಹಾಗೆ ಅಟ್ಟಿಸಿಕೊಂಡು ಹೋಗುತ್ತಾರೋ? ಕೆಲಸ ಆಯಿತೋ, ಹೊರಗೆ ಹೋಗಿ ಬಾಗಿಲು ಹಾಕಿ ನಿಲ್ಲಬೇಕು. ಅವರು ಕರೆದರೆ ಮಾತ್ರ ಒಳಗೆ ಬರಬೇಕು. ಹೂಂ ಅಂದ ಅಡಿವೆಪ್ಪ. ಮನಸ್ಸಿನಲ್ಲಿ ಇಟ್ಟುಕೊಂಡ.

ಆಶ್ಚರ್ಯ ಅಂದರೆ ರಾಯರು ಮರುವಾರ ಮತ್ತೆ ಬಂದರು. ಹತ್ತು ವರ್ಷದಿಂದ ಬಗ್ಗದ ಸೊಂಟ ಬಗ್ಗಿತ್ತಂತೆ. ಅವತ್ತಿನ ಪಾಠ ಮಣ್ಣಿನ ಲೇಪ. ಕುತ್ತಿಗೆಯಿಂದ ಪಾದದವರೆಗೆ ಬಿಸಿ ಮಣ್ಣು ಮೆತ್ತಿ, ಪ್ಲಾಸ್ಟಿಕ್ ಸುತ್ತಿ, ಮೇಲೆ ಕಂಬಳಿ ಬಿಗಿದು ಇಪ್ಪತ್ತು ನಿಮಿಷ ಬಿಡಬೇಕು. ಅಡಿವೆಪ್ಪ ಚಂದಾಗಿ ಸುತ್ತಿದ, ಹೊರಗೆ ಹೋದ, ಬಾಗಿಲು ಹಾಕಿದ, ನಿಂತ. ರಾಯರು ಕರೆಯಲಿಲ್ಲ. ನಿದ್ದೆ ಹತ್ತಿದವರು ಹೇಗೆ ಕರೆಯುತ್ತಾರೆ? ಮೂರು ಗಂಟೆ ಕಳೆದ ಮೇಲೆ ಮೇಡಂ ಬಂದು ನೋಡಿದರೆ ಮಣ್ಣು ಒಣಗಿ ಗಟ್ಟಿಯಾಗಿ, ರಾಯರು ಒಲೆಯಲ್ಲಿಟ್ಟ ಗೆಣಸಿನ ಹಾಗೆ ಬೆಂದಿದ್ದರು.

ಮೇಡಂ ಮತ್ತೆ ಬೈದಳು. ಕರೆಯುವ ತನಕ ಕಾಯುವುದಲ್ಲ, ಹತ್ತು ಹತ್ತು ನಿಮಿಷಕ್ಕೆ ಹೋಗಿ ಎಬ್ಬಿಸಿ ನೀರು ಕೊಡಬೇಕು ಅಂದಳು. ಅದನ್ನೂ ಮನಸ್ಸಿನಲ್ಲಿ ಇಟ್ಟುಕೊಂಡ. ಮುಂದಿನ ಸಲ ರಾಯರು ಬೆನ್ನೊತ್ತಿಸಿಕೊಳ್ಳುತ್ತಾ ನಿದ್ದೆಗೆ ಜಾರುವುದು, ಇವನು ಎಬ್ಬಿಸಿ ಲೋಟ ಹಿಡಿಯುವುದು. ಐದನೆಯ ಲೋಟಕ್ಕೆ ರಾಯರು ಕೈ ಮುಗಿದರು.

ಮೇಡಮ್ಮಿಗೆ ಈ ಸಲ ಅಳುವೇ ಬಂತು. ನಿನ್ನನ್ನು ಊರಿಗೆ ಕಳಿಸಿಬಿಡಬೇಕು, ಆದರೆ ನಿನ್ನ ಕೈಯನ್ನು ಹೇಗೆ ಕಳಿಸುವುದು ಅಂತ ಗೊತ್ತಾಗುತ್ತಿಲ್ಲ ಅಂದಳು. "ನಾವು ಮಾರುದೇ ನಿದ್ದೆಯನ್ನು. ಗೊತ್ತಾಯ್ತಾ? ಕಣ್ಣು ಮುಚ್ಚಿದವರನ್ನು ಎಬ್ಬಿಸ್ಲಿಕ್ಕೇ ಇಲ್ಲ. ಲೈಟು ಆರಿಸು, ಹೊದಿಕೆ ಹೊದೆಸು, ಹತ್ತಿರ ಯಾರೂ ಸದ್ದು ಮಾಡದ ಹಾಗೆ ನೋಡು."

ನಿದ್ದೆಯನ್ನು ಮಾರುವ ಅಂಗಡಿಯೂ ಇದೆಯಲ್ಲ ಲೋಕದಲ್ಲಿ! ಅಡಿವೆಪ್ಪ ಸಂಜೆ ಅವ್ವನಿಗೆ ಫೋನು ಮಾಡಿ ಅದನ್ನೇ ಹೇಳಿದ. ಫಕೀರವ್ವ ಆ ಕಡೆಯಿಂದ, ನೀ ಏನರೆ ಹೊಸಾದು ಕೆಡಿಸೀಯೇನೋ ಅಂತ ಕೇಳಿದಳು.

ಹಡಗಿಗೆ ಹೋಗುವವರು ಬೆಂಕಿಯ ಪಾಠವನ್ನೂ ಕಲಿಯಬೇಕು. ಅದನ್ನು ಕಲಿಸುವವನು ಒಬ್ಬ ಹಳೆಯ ಕ್ಯಾಪ್ಟನ್. ಒಂದು ಶೆಡ್ಡಿನಲ್ಲಿ ಹೊಗೆ ತುಂಬಿಸಿ, ತಾನೇ ಒಳಗೆ ಮೂರ್ಛೆ ಬಿದ್ದವನ ಹಾಗೆ ಮಲಗುತ್ತಿದ್ದ. ಸೈರನ್ ಆದ ಕೂಡಲೇ ಶಿಷ್ಯರು ಹೋಗಿ ಅವನನ್ನು ಹುಡುಕಿ ಹೊರಗೆ ತರಬೇಕು. ಅಡಿವೆಪ್ಪ ಮೊದಲು ನುಗ್ಗಿದ. ಹುಡುಕಿದ. ನೋಡಿದರೆ ಕ್ಯಾಪ್ಟನ್ನಿನ ಕಣ್ಣು ಮುಚ್ಚಿದೆ. ಪಾಪ, ದಣಿದಿದ್ದಾರೆ ಅಂತ ಟಾರ್ಚು ಆರಿಸಿದ. ತನ್ನ ಅಂಗಿ ಬಿಚ್ಚಿ ಹೊದೆಸಿದ. ಕ್ಯಾಪ್ಟನ್ ಒಂದು ಕಣ್ಣು ತೆರೆದರೆ ಮೆಲ್ಲಗೆ ಸವರಿ ಮುಚ್ಚಿಸಿದ. ಆಮೇಲೆ ಬಾಗಿಲಲ್ಲಿ ನಿಂತು, ನೀರಿನ ಪೈಪು ಹಿಡಿದು ಓಡಿಬಂದ ಎಂಟು ಜನರನ್ನೂ ಬಾಯಿಗೆ ಬೆರಳಿಟ್ಟು ತಡೆದ. ಕೊನೆಗೆ ಕ್ಯಾಪ್ಟನ್ ಕೆಮ್ಮುತ್ತಾ ಕಿಟಕಿಯಿಂದ ಹಾರಿ ಬಂದ.

ಆ ಬೈಗುಳವನ್ನು ಇಲ್ಲಿ ಹೇಳುವ ಹಾಗಿಲ್ಲ. ತಾತ್ಪರ್ಯ ಇಷ್ಟು: ಹಡಗಿನ ಹಾರನ್ ಕೂಗಿತೋ, ಹಿಂದೆ ಮುಂದೆ ನೋಡಬಾರದು. ಗೆಸ್ಟು ಯಾವ ಅವತಾರದಲ್ಲಿದ್ದರೂ ಲೈಫ್ ಜಾಕೆಟ್ಟು ತೊಡಿಸಿ, ಹೊತ್ತುಕೊಂಡಾದರೂ ಸರಿ, ಮೆಟ್ಟಿಲು ಹತ್ತಿ ಮೇಲಿನ ಡೆಕ್ಕಿಗೆ ಒಯ್ಯಬೇಕು. ಹೂಂ ಅಂದ ಅಡಿವೆಪ್ಪ.

ಪರೀಕ್ಷೆಯ ದಿನ ಬಂತು. ಬಂದರಿನಲ್ಲಿ ಹಡಗು ನಿಂತಿತ್ತು. ಅದನ್ನು ಹೇಗೆ ಹೇಳಲಿ? ನರಗುಂದದ ಗುಡ್ಡಕ್ಕೆ ಬಿಳಿ ಬಣ್ಣ ಬಳಿದು, ಸಾವಿರ ಕಿಟಕಿ ಕೊರೆದು, ತಂದು ನೀರಿನ ಮೇಲೆ ಇಟ್ಟ ಹಾಗಿತ್ತು. ಅಡಿವೆಪ್ಪ ಚಪ್ಪಲಿ ಬಿಟ್ಟು ಕೈ ಮುಗಿದೇ ಒಳಗೆ ಹೋದ. ಪರೀಕ್ಷೆ ಮಾಡುವವನು ಸ್ಟಾವ್ರೋಸ್, ಆ ಹಡಗಿನ ಸ್ಪಾಗೆ ಯಜಮಾನ, ಗ್ರೀಸ್ ದೇಶದವನು, ನೂರು ಕಿಲೋ ತೂಗುವ ಆಸಾಮಿ. ನಗುವುದು ಅವನ ಜಾತಕದಲ್ಲೇ ಇದ್ದಂತಿರಲಿಲ್ಲ. ಬರೀ ಚಡ್ಡಿಯಲ್ಲಿ ಬೋರಲು ಮಲಗಿದ. ಅಡಿವೆಪ್ಪ ಪಾದದಿಂದ ಶುರುಮಾಡಿದ. ಮೊಣಕಾಲಿಗೆ ಬರುವಷ್ಟರಲ್ಲಿ ಸ್ಟಾವ್ರೋಸನ ಉಸಿರು ಬದಲಾಯಿತು, ಸೊಂಟಕ್ಕೆ ಬಂದಾಗ ಗೊರಕೆ ಹತ್ತಿತು. ಬಾಗಿಲ ಹತ್ತಿರ ನಿಂತ ಲೊರೆಟ್ಟಾ ಮೇಡಂ ಶಿಲುಬೆಯ ಗುರುತು ಮಾಡಿಕೊಂಡಳು.

ಅಷ್ಟರಲ್ಲಿ ಹಡಗು ತನ್ನ ಹಾರನ್ನನ್ನು ಒಮ್ಮೆ ಕೂಗಿಸಿ ನೋಡಿತು. ಸಂಜೆ ಹೊರಡುವ ಹಡಗು, ಕಂಠ ಸರಿಯಿದೆಯೋ ಇಲ್ಲವೋ ಅಂತ ನೋಡಿಕೊಂಡಿತು, ಅಷ್ಟೇ. ಅಡಿವೆಪ್ಪ ಹಿಂದೆ ಮುಂದೆ ನೋಡಲಿಲ್ಲ. ಎಣ್ಣೆ ಮೈಗೆ ಜಾಕೆಟ್ಟು ತೊಡಿಸಿದ, ನೂರು ಕಿಲೋವನ್ನು ಹೆಗಲಿಗೆ ಹಾಕಿಕೊಂಡ, ಒಂಬತ್ತು ಮಹಡಿ ಹತ್ತಿದ. ಮೇಡಂ ಕೂಗುತ್ತಾ ಹಿಂದೆ ಓಡಿದಳು. ಮೇಲೆ ಈಜುಕೊಳದ ಸುತ್ತ ಐಸ್‌ಕ್ರೀಮ್ ತಿನ್ನುತ್ತಿದ್ದ ಮಂದಿ ಚಮಚ ಬಾಯಲ್ಲಿಟ್ಟುಕೊಂಡೇ ಎದ್ದು ನಿಂತರು.

ಸ್ಟಾವ್ರೋಸನಿಗೆ ಆಗಲೂ ಎಚ್ಚರವಾಗಲಿಲ್ಲ. ಬಿಸಿಲು ಮುಖಕ್ಕೆ ಬಡಿದ ಮೇಲೆ ಕಣ್ಣು ಬಿಟ್ಟ. ಮೊದಲು ಆಕಾಶ ಕಂಡಿತು, ಆಮೇಲೆ ತನ್ನ ಚಡ್ಡಿ ಕಂಡಿತು. ಸಿಟ್ಟಿನಿಂದ ಬಾಯಿ ತೆರೆದವನು ಗಡಿಯಾರ ನೋಡಿ, ಎಷ್ಟು ಹೊತ್ತು ಮಲಗಿದ್ದೆ ಅಂತ ಲೆಕ್ಕ ಹಾಕಿದ. ಹದಿನಾರು ವರ್ಷ ಇಂಜಿನ್ನಿನ ಗುಡುಗುಡು ಕೇಳಿ ಅವನಿಗೆ ಗುಳಿಗೆ ಇಲ್ಲದೆ ನಿದ್ದೆಯೇ ಇರಲಿಲ್ಲ. ಅಂಥವನನ್ನು ಒಂಬತ್ತು ಮಹಡಿ ಹೊತ್ತರೂ ಎಚ್ಚರವಾಗಿರಲಿಲ್ಲ! ತಲೆಗೆ ಸೊನ್ನೆ, ಕೈಗೆ ನೂರು ಅಂತ ಕಾಗದದ ಮೇಲೆ ಬರೆದ. ತಿಂಗಳು ಬಿಟ್ಟು ಬಾ ಅಂದ. ಇನ್ನೂ ಒಂದು ಮಾತು ಹೇಳಿದ, ಮೇಡಂ ಅದನ್ನು ಕನ್ನಡಕ್ಕೆ ತಂದಳು: "ಈ ಕೈ ಇನ್ನು ನಿಂದಲ್ಲ, ಹಡಗಿನದ್ದು. ಜೋಪಾನ."

ಅಡಿವೆಪ್ಪ ಹೂಂ ಅಂದ. ಬಸ್ಸಿನಲ್ಲಿ ಕಂಬಿ ಸಹ ಹಿಡಿಯದೆ ನರಗುಂದಕ್ಕೆ ಬಂದು, ಎರಡೂ ಕೈಗೆ ಅವ್ವನ ಹಳೆಯ ಸೀರೆ ಸುತ್ತಿಸಿಕೊಂಡು ತೊಡೆಯ ಮೇಲಿಟ್ಟುಕೊಂಡು ಕೂತ. ಊಟಕ್ಕೆ ಬಡಿಸಿದರೆ ಮುಟ್ಟಲಿಲ್ಲ. ಕೈ ನನ್ನವಲ್ಲವ್ವಾ, ಹಡಗಿನವರವು, ಮಂದಿ ಕೈಯಿಂದ ಹೆಂಗ ಉಣ್ಣಲಿ ಅಂದ.

ಫಕೀರವ್ವ ಅವನ ಏಳೇಳು ಜನ್ಮ ತೆಗೆದು ಬೈದಳು. ಬೈಯುತ್ತಲೇ ತುತ್ತು ಮಾಡಿ ಬಾಯಿಗಿಟ್ಟಳು. ಮರುದಿನ ಮೈಗೆ ಎಣ್ಣೆ ಹಚ್ಚಿ ಬಿಸಿನೀರು ಎರೆದಳು, ಕಂಬಳಿ ಸುತ್ತಿದಳು, ಕೆಂಡದ ಮೇಲೆ ಲೋಬಾನ ಹಾಕಿ ಹೊಗೆ ಕೊಟ್ಟಳು. ಹಡಗು ಸಿಕ್ಕವನ ಮೇಲೆ ಓಣಿಯ ಕಣ್ಣೆಲ್ಲ ಬಿದ್ದಿದ್ದರಿಂದ ಕೆನ್ನೆಗೆ ಕಾಡಿಗೆಯ ಬೊಟ್ಟು ಇಟ್ಟಳು. ಹೀಗೆ ಮೂವತ್ತು ದಿನ. ಎಂಟು ದಿನ ಕಳೆಯುವಷ್ಟರಲ್ಲಿ ಬೈಗುಳ ನಿಂತಿತ್ತು. ಕೊನೆಯ ದಿನ ಅವಳೇ ಆ ಕೈಗಳ ಬಟ್ಟೆ ಬಿಚ್ಚಿದಳು. ಇವನು ಅಲ್ಲಿ ಉಪವಾಸ ಸಾಯುತ್ತಾನೆ ಅಂತ ಅವಳಿಗೆ ಖಾತ್ರಿಯಾಗಿತ್ತು, ಆದರೂ ಹೇಳಬೇಕಾದ್ದನ್ನು ಹೇಳಿದಳು.

"ತಮ್ಮಾ, ಅಲ್ಲಿ ಬರೂ ಮಂದಿ ಅವ್ವನ್ನ ದೂರ ಬಿಟ್ಟು ಬಂದವರು. ನಾ ಈ ತಿಂಗಳು ನಿನ್ನ ಹೆಂಗ ನೋಡಿಕೊಂಡೀನಿ, ನೀ ಅವರನ್ನ ಹಂಗ ನೋಡಿಕೋ. ಒಂದೂ ಬಿಡಬ್ಯಾಡ."

ಹೂಂ ಅಂದ ಅಡಿವೆಪ್ಪ. ಮನಸ್ಸಿನಲ್ಲಿ ಇಟ್ಟುಕೊಂಡ.

ಹಡಗಿನಲ್ಲಿ ಅವನಿಗೆ ಸಿಕ್ಕ ಮೊದಲ ಗೆಸ್ಟು ಒಬ್ಬಂಟಿಯಾಗಿ ಬಂದ ಎಂಬತ್ತರ ಮುದುಕ, ಮುಖ ಗಂಟಿಕ್ಕಿಕೊಂಡ ಬಿಳಿಯ. ಅಡಿವೆಪ್ಪ ಎಣ್ಣೆ ಹಚ್ಚಿದ, ಬಿಸಿನೀರು ಎರೆದ. ಕಂಬಳಿಯನ್ನು ಗಲ್ಲದವರೆಗೆ ಸುತ್ತಿದ. ಊಟ ತರಿಸಿ ತುತ್ತು ಮಾಡಿ ಹಿಡಿದ. ಮುದುಕ ಮುಖ ತಿರುಗಿಸಿದ. ತುತ್ತು ಆ ಕಡೆ ಹೋಯಿತು. ಈ ಕಡೆ ತಿರುಗಿಸಿದ, ತುತ್ತು ಈ ಕಡೆ ಬಂತು. ಕೊನೆಗೆ ಮುದುಕ ಬಾಯಿ ತೆರೆದ. ತಟ್ಟೆ ಖಾಲಿಯಾಯಿತು.

ಆಮೇಲೆ ಅಡುಗೆಮನೆಯ ತಂದೂರಿನಿಂದ ಕೆಂಡ ಬೇಡಿ ತಂದು, ಗಂಟಿನಲ್ಲಿದ್ದ ಲೋಬಾನವನ್ನು ಹಿಡಿ ತುಂಬ ಹಾಕಿದ.

ಹೊಗೆ ಎದ್ದಿತು. ಹಡಗಿನ ಗಂಟೆಗಳೆಲ್ಲ ಒಟ್ಟಿಗೇ ಬಡಿದುಕೊಂಡವು. ಹನ್ನೆರಡು ಮಹಡಿಯ ಮಂದಿ ಊಟ ಬಿಟ್ಟು, ಇಸ್ಪೀಟು ಬಿಟ್ಟು, ಕಿತ್ತಳೆ ಬಣ್ಣದ ಜಾಕೆಟ್ಟು ತೊಟ್ಟು ಸಾಲುಗಟ್ಟಿ ನಿಂತರು. ಹಡಗಿನ ಕಪ್ತಾನ ತಾನೇ ಇಳಿದು ಬಂದ, ಹಿಂದೆ ಸ್ಟಾವ್ರೋಸ್, ಅವನ ಹಿಂದೆ ಪೈಪು ಹಿಡಿದವರು. ಇದನ್ನು ಮಾಡಿದವನನ್ನು ಮುಂದಿನ ಬಂದರಿನಲ್ಲೇ ಇಳಿಸುತ್ತೇನೆ ಅಂತ ಗುಡುಗುತ್ತಾ ಬಾಗಿಲು ತಳ್ಳಿದ. ಒಳಗೆ ಬೆಳ್ಳನೆಯ ಪರಿಮಳದ ಹೊಗೆ. ಅದರ ನಡುವೆ ಮುದುಕ ಕೆನ್ನೆಯ ಮೇಲೆ ಕರಿಬೊಟ್ಟು ಇಟ್ಟುಕೊಂಡು, ಅಡಿವೆಪ್ಪನ ಭುಜಕ್ಕೆ ಒರಗಿ, ಅಷ್ಟೆಲ್ಲ ಗಂಟೆ ಬಡಿಯುತ್ತಿದ್ದರೂ ಮಗುವಿನ ಹಾಗೆ ಮಲಗಿದ್ದ. ಗಂಟು ಬಿಚ್ಚಿದ ಆ ಮುಖ ನೋಡಿ ಎಲ್ಲರೂ ನಿಂತಲ್ಲೇ ನಿಂತರು.

ಅಡಿವೆಪ್ಪ ಕಪ್ತಾನನನ್ನು ನೋಡಿದ. ಹೊಳೆಯುವ ಗುಂಡಿ, ಬಂಗಾರದ ಪಟ್ಟಿ, ಹಿಂದೆ ಅಷ್ಟು ಮಂದಿಯ ಕಣ್ಣು! ಯಾರೂ ಇವನಿಗೆ ದೃಷ್ಟಿ ತೆಗೆದಿಲ್ಲವಲ್ಲ ಅಂತ ಸಂಕಟವಾಯಿತು. ಕಾಡಿಗೆಯ ಬೆರಳನ್ನು ಚಾಚಿ ಅವನ ಕೆನ್ನೆಗೂ ಒಂದು ಬೊಟ್ಟು ಇಟ್ಟ.

ಕಪ್ತಾನನ ಕೈ ಒರೆಸಿಕೊಳ್ಳಲು ಕೆನ್ನೆಗೆ ಹೋಯಿತು. ಅಲ್ಲೇ ಸ್ವಲ್ಪ ಹೊತ್ತು ನಿಂತಿತು. ಒರೆಸಲಿಲ್ಲ.

ಮರುದಿನ ಫಕೀರವ್ವನಿಗೆ ಫೋನು ಬಂತು. ನೀ ಹೇಳಿದಂಗ ಒಂದೂ ಬಿಡದ ಮಾಡಿದೆ, ನೋಡಾಕ ಮೂರು ಸಾವಿರ ಮಂದಿ ಒಂದ ಥರದ ಅಂಗಿ ಹಾಕ್ಕೊಂಡು ಬಂದಿದ್ರವ್ವಾ ಅಂತ ಮಗ ಹೇಳಿದ. ಮೂರು ಸಾವಿರ ಅಂದರೆ ಎಷ್ಟು ಅಂತ ಅವಳು ಅಂದಾಜು ಮಾಡಲು ನೋಡಿದಳು, ಆಗಲಿಲ್ಲ. ಕೇಳಬೇಕಾದ್ದೊಂದೇ ಇತ್ತು, ಅದಕ್ಕೇ ಹೆದರಿದ್ದಳು.

"ನೀ ಉಂಡಿಯೇನೋ ತಮ್ಮಾ?"

"ನನ್ನ ಕೈಗೆ ಎಣ್ಣಿ ಆಗಿತ್ತವ್ವಾ. ಮುದುಕಪ್ಪ ಎದ್ದು ಉಣಿಸಿದ."

ಫಕೀರವ್ವನಿಗೆ ಅಂದು ಬೈಯಲು ಒಂದು ಮಾತೂ ಹೊಳೆಯಲಿಲ್ಲ. ಬುದ್ಧಿ ಹೇಳಲೂ ಹೊಳೆಯಲಿಲ್ಲ. ಹೊಸ ಮಾತು ಯಾರೂ ಹೇಳದ್ದರಿಂದ ಅಡಿವೆಪ್ಪ ಇವತ್ತಿಗೂ ಅದನ್ನೇ ಮಾಡುತ್ತಿದ್ದಾನೆ. ಯಾವುದಾದರೂ ಬಂದರಿನಲ್ಲಿ, ಕೆನ್ನೆಗೆ ಕಾಡಿಗೆ ಬೊಟ್ಟಿಟ್ಟುಕೊಂಡ ಕಪ್ತಾನ ಹಡಗಿನಿಂದ ಇಳಿಯುವುದು ಕಂಡರೆ ನಗಬೇಡಿ, ನಮ್ಮ ಹುಡುಗ ಒಳಗಿದ್ದಾನೆ ಅಂತ ತಿಳಿಯಿರಿ.