ರಾಜ ಮೊಟ್ಟೆಯಿಟ್ಟ ಸುದ್ದಿ

ದೋಣಿ ದಡ ಮುಟ್ಟುವ ಮೊದಲೇ ದೇಕಣ ನೀರಿಗೆ ಹಾರಿದ. ಅಷ್ಟು ಅವಸರ ಅವನಿಗೆ.

"ಗುರುಗಳೇ! ಗೆದ್ದುಬಿಟ್ಟೆವು!"

ಏಚಣಾಚಾರ್ಯರು ಆಶ್ರಮದ ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು.

"ಮೊದಲು ಪಂಚೆ ಹಿಂಡಿಕೋ," ಎಂದರು.

ಆಚಾರ್ಯರು ಜೇನಿನ ಬಗ್ಗೆ ಒಂದು ಗ್ರಂಥ ಬರೆದಿದ್ದರು. ಇದ್ದದ್ದು ಒಂದೇ ಓಲೆಕಟ್ಟು, ಅದಕ್ಕೂ ಹುಳು ಹತ್ತಿತ್ತು. ಆ ವರ್ಷ ವಿದ್ವಾಂಸರ ಸಭೆ ಒಂದೇ ಒಂದು ಗ್ರಂಥವನ್ನು ಪ್ರತಿ ಮಾಡಿಸಿ ಊರೂರಿನ ಪಾಠಶಾಲೆಗೆ ಕಳಿಸುವುದೆಂದು ನಿಶ್ಚಯವಾಗಿತ್ತು. ಯಾವ ಪಂಡಿತರ ಹೆಸರನ್ನು ಉಳಿದವರು ತಮ್ಮ ಗ್ರಂಥಗಳಲ್ಲಿ ಹೆಚ್ಚು ಎತ್ತಿದ್ದಾರೋ, ಅವರು ಕೊಟ್ಟ ಗ್ರಂಥಕ್ಕೆ ಆ ಭಾಗ್ಯ. ಯಾರಾದರೂ ತಮ್ಮದನ್ನೇ ಕೊಡುತ್ತಾರೆ, ಅದರಲ್ಲೇನು ಅನುಮಾನ.

ಲೆಕ್ಕ ಒಪ್ಪಿಸಲು ಮರುದಿನವೇ ಕಡೆಯ ದಿನ. ಗುರುಗಳ ಗ್ರಂಥ ಮಣ್ಣುಪಾಲಾಗಬಾರದೆಂದು ದೇಕಣ ಊಟ ನಿದ್ದೆ ಬಿಟ್ಟು ಊರೂರು ಸುತ್ತಿ ಬಂದಿದ್ದ.

"ನಲವತ್ತೊಂದು ಗ್ರಂಥಗಳಲ್ಲಿ ನಿಮ್ಮ ಹೆಸರಿದೆ! ಇನ್ನು ಯಾರೂ ನಿಮ್ಮ ಹತ್ತಿರಕ್ಕೂ ಬರುವುದಿಲ್ಲ!"

ಅಂಗಳದ ಮರಳಿನ ಮೇಲೆ ಕಡ್ಡಿಯಿಂದ ಗೆರೆ ಎಳೆಯತೊಡಗಿದ.

"ಇಲ್ಲಿ ನೋಡಿ. ಇವರಿಬ್ಬರು ಕೂಡಿ ಬರೆದವರು. ಇವನು ಅವನ ಜೊತೆ ಇನ್ನೊಂದು ಬರೆದ. ಅವನು ಇಗೋ, ಇವರೆಲ್ಲರ ಜೊತೆಗೂ ಬರೆದಿದ್ದಾನೆ. ಎಲ್ಲ ಗೆರೆಯೂ ನಿಮ್ಮ ಹತ್ತಿರಕ್ಕೇ ಬರುತ್ತದೆ!"

ಮರಳಿನ ಮೇಲೆ ದೊಡ್ಡದೊಂದು ಬಲೆಯೇ ಆಯಿತು. ಆಚಾರ್ಯರು ಅವರೆಕಾಯಿಯನ್ನು ಮಡಿಲಲ್ಲೇ ಹಿಡಿದು ಕೆಳಗಿಳಿದು ಬಂದು ಕುಕ್ಕರುಗಾಲಲ್ಲಿ ಕೂತರು.

"ಏನಂತ ಬರೆದಿದ್ದಾರೆ?"

"ಎಲ್ಲರದೂ ಒಂದೇ ಮಾತು. ಜೇನುಗೂಡಿಗೆ ಒಬ್ಬ ರಾಜನಿರುತ್ತಾನೆ ಎಂದು ಏಚಣಾಚಾರ್ಯರು ಹೇಳಿದ್ದಾರೆ ಅಂತ."

"ಈ ತುದಿಯವನು ಯಾರನ್ನು ನೋಡಿ ಬರೆದ?"

"ಇವನನ್ನು."

"ಇವನು?"

"ಅವನನ್ನು."

"ಅವನು?"

"ನಿಮ್ಮನ್ನು!"

"ಹೂಂ," ಎಂದರು ಆಚಾರ್ಯರು. "ಜೇನನ್ನು ನೋಡಿ ಬರೆದವರು?"

ದೇಕಣನ ಉತ್ಸಾಹ ಸ್ವಲ್ಪ ತಗ್ಗಿತು. ಒದ್ದೆ ಪಂಚೆಯ ಅಂಚು ಹಿಂಡುತ್ತಾ ನಿಂತ.

"ಇನ್ನೊಂದು ಗ್ರಂಥ ಇತ್ತು. ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ."

"ಯಾಕೆ?"

"ನಿಮ್ಮನ್ನು ತಪ್ಪು ಅಂದಿದ್ದಾಳೆ ಗುರುಗಳೇ! ಆಚೆ ದಡದ ಪಾಠಶಾಲೆಯಲ್ಲಿ ಪಾಠ ಹೇಳುವ ಮಾಕಬ್ಬೆ. ನಿನ್ನೆ ಮೊನ್ನೆ ಕಣ್ಣು ಬಿಟ್ಟವಳು. ಅವಳನ್ನೇ ಕೇಳಿ ಓಲೆಕಟ್ಟು ಇಸಕೊಂಡು ಬಂದಿದ್ದೇನೆ."

"ಓದಲಿಕ್ಕೋ?"

"ಅಲ್ಲ... ವಾಪಸು ಕೊಡುವ ಮನಸ್ಸಿರಲಿಲ್ಲ."

"ಕಳ್ಳ! ತೆಗಿ, ಓದು."

ದೇಕಣ ಒಲ್ಲದ ಮನಸ್ಸಿನಿಂದ ಕಟ್ಟು ಬಿಚ್ಚಿ ಓದಿದ.

"ಗೂಡಿಗೆ ಒಬ್ಬ ರಾಜನಿರುತ್ತಾನೆ ಎಂದು ಏಚಣಾಚಾರ್ಯರು ಹೇಳಿದರು. ಆ ಮಾತು ಹಿಡಿದು ನಾನು ಗೂಡಿನ ಮುಂದೆ ಕೂತೆ. ಒಂದು ವಸಂತವಿಡೀ ಕೂತೆ. ರಾಜ ಮೊಟ್ಟೆ ಇಡುತ್ತಾನೆ. ಆದಕಾರಣ ಅವನು ರಾಜನಲ್ಲ, ಗೂಡಿನ ತಾಯಿ."

"ಏನು? ಏನಿಡುತ್ತಾನೆ?"

"ಮೊಟ್ಟೆ."

"ಇನ್ನೊಂದು ಸಲ ಓದು!"

ಓದಿದ. ಆಚಾರ್ಯರು ಎದ್ದು ನಿಂತ ರಭಸಕ್ಕೆ ಮಡಿಲಲ್ಲಿದ್ದ ಅವರೆಕಾಯಿಯೆಲ್ಲ ಅಂಗಳದ ಪಾಲಾಯಿತು. ಬಲೆಯ ಮೇಲೆಯೇ ತುಳಿದುಕೊಂಡು ಓಡಿದರು. ಎಪ್ಪತ್ತು ದಾಟಿದ ಮುದುಕರು ಹಾಗೆ ಓಡಿದ್ದನ್ನು ದೇಕಣ ಎಂದೂ ಕಂಡಿರಲಿಲ್ಲ.

ಬೇಲಿಯ ಮೂಲೆಯಲ್ಲಿ ಕವುಚಿಟ್ಟಿದ್ದ ಹಳೇ ಮಡಕೆಯೊಳಗೆ ತುಡುವೆ ಜೇನು ಗೂಡು ಕಟ್ಟಿತ್ತು. ಆಚಾರ್ಯರು ಮೆಲ್ಲಗೆ ಮಡಕೆ ಓರೆ ಮಾಡಿ ತಲೆ ಒಳಗೆ ಹಾಕಿದರು.

"ಹೊಗೆ ತರುತ್ತೇನೆ, ತಾಳಿ!"

"ಹೊಗೆ ಹಾಕಿದರೆ ಆ ತಾಯಿ ಕೆಲಸ ನಿಲ್ಲಿಸುತ್ತಾಳೆ. ಸುಮ್ಮನಿರು!"

ಬಿಸಿಲು ಏರಿತು. ಜೇನು ಹಣೆಗೆ ಕಚ್ಚಿತು, ಕಿವಿಗೆ ಕಚ್ಚಿತು, ತುಟಿಗೂ ಕಚ್ಚಿತು. ಆಚಾರ್ಯರು ಕದಲಲಿಲ್ಲ. ಆಮೇಲೆ ಇದ್ದಕ್ಕಿದ್ದಂತೆ ದೇಕಣನ ಕತ್ತು ಹಿಡಿದು ಎಳೆದರು.

"ನೋಡು, ನೋಡು! ಬಾಲ ಇಳಿಸಿದಳು! ಎತ್ತಿದಳು! ಕಂಡೆಯಾ, ಬೆಳ್ಳಗೆ?"

ಮೇಣದ ಎರಿಯ ಪುಟ್ಟ ಕೋಣೆಯೊಳಗೆ, ದಾರದ ತುಣುಕಿನಂತೆ ಬೆಳ್ಳಗೆ ಒಂದು ಮೊಟ್ಟೆ ನಿಂತಿತ್ತು.

"ಅಯ್ಯೋ ನನ್ನಪ್ಪಾ!" ಎಂದು ಆಚಾರ್ಯರು ಕುಣಿದೇಬಿಟ್ಟರು. "ದೊಡ್ಡದಾಗಿತ್ತು, ಎಲ್ಲರೂ ಸುತ್ತ ನಿಂತಿದ್ದರು. ರಾಜನೇ ಇರಬೇಕು ಅಂದುಕೊಂಡೆ. ಹೆತ್ತವಳ ಸುತ್ತಲೂ ಮಕ್ಕಳು ನಿಲ್ಲುತ್ತಾರೆ ಅಂತ ಹೊಳೆಯಲೇ ಇಲ್ಲವಲ್ಲೋ!"

ಕಣ್ಣಲ್ಲಿ ನೀರು ಬಂದಿತ್ತು. ಉರಿಗೋ, ಸಂತೋಷಕ್ಕೋ, ದೇಕಣನಿಗೆ ತಿಳಿಯಲಿಲ್ಲ.

ಜಗಲಿಗೆ ಬಂದ ಮೇಲೆ ದೇಕಣ ಗುರುಗಳ ಮುಖಕ್ಕೆ ಸುಣ್ಣ ಹಚ್ಚಿದ.

"ನಾಳೆ ಸಭೆಗೆ ಯಾವ ಗ್ರಂಥ ಕೊಡಲಿ?"

"ಮಾಕಬ್ಬೆಯದು."

"ಬೇಡ ಗುರುಗಳೇ. ನಿಮ್ಮದು ಇನ್ನೊಂದು ಮಳೆಗಾಲ ತಡೆಯುವುದಿಲ್ಲ. ಒಂದು ಗರಿಯೂ ಉಳಿಯುವುದಿಲ್ಲ."

ಆಚಾರ್ಯರು ತಮ್ಮ ಓಲೆಕಟ್ಟನ್ನು ತೊಡೆಯ ಮೇಲಿಟ್ಟುಕೊಂಡರು. ಹುಳು ಕೊರೆದ ಅಂಚನ್ನು ಸ್ವಲ್ಪ ಹೊತ್ತು ಬೆರಳಿನಿಂದ ಸವರಿದರು. ಅವರಿಗೂ ಸಂಕಟವಾಗುತ್ತಿತ್ತು.

"ಉಳಿಯುವುದಿಲ್ಲ," ಎಂದರು. "ಆಕೆಯ ಗ್ರಂಥದಲ್ಲಿ ನನ್ನದೊಂದು ಮಾತು ಇದೆಯಲ್ಲ."

"ತಪ್ಪು ಮಾತು!"

"ನನ್ನದೇ ತಾನೇ? ಆ ಮಾತು ಹಿಡಿದೇ ಆಕೆ ಗೂಡಿನ ಮುಂದೆ ಕೂತದ್ದು. ಹೋಗು, ದೋಣಿ ಹೊರಟುಬಿಡುತ್ತದೆ. ನಾನೂ ಆಚೆ ದಡದವರೆಗೆ ಬರುತ್ತೇನೆ, ಆಕೆಯನ್ನು ಕೇಳುವುದು ಬಹಳ ಇದೆ."

ದೇಕಣ ಮೇಲೇಳಲಿಲ್ಲ. ಅಳು ಬಂದಿತ್ತು ಅವನಿಗೆ.

"ನಲವತ್ತೊಂದು ಗ್ರಂಥಗಳಲ್ಲಿ ನಿಮ್ಮ ಹೆಸರು ಬರೆದಿದ್ದಾರೆ ಗುರುಗಳೇ. ಅದಕ್ಕೆ ಏನೂ ಬೆಲೆಯಿಲ್ಲವೇ?"

ಆಚಾರ್ಯರು ಊದಿದ ತುಟಿಯಲ್ಲೇ ನಕ್ಕರು.

"ಸಭೆಗೆ ಅವರೆಲ್ಲ ಬರುತ್ತಾರಲ್ಲ, ಹಾಗೇ ವಿಚಾರಿಸಿಕೊಂಡು ಬಾ. ಅವರಲ್ಲಿ ಎಷ್ಟು ಜನಕ್ಕೆ ಜೇನು ಕಚ್ಚಿದೆ?"