ಪಂಚಾಂಗದವನ ಪುಟ

ಶಿಷ್ಯ ಕೇಳಿದ: "ಗುರುಗಳೇ, ನನ್ನ ಹೆಸರಿನಲ್ಲಿ ಒಂದು ಸಣ್ಣ ಜಾಲತಾಣ ಕಟ್ಟುತ್ತಿದ್ದೇನೆ. ಕಟ್ಟುವುದು ಎರಡು ದಿನದ ಕೆಲಸ. ಆದರೆ ದಿನವೂ ಅದರಲ್ಲಿ ಬರೆಯುವುದು ಯಾರಿಂದಾದೀತು? ವರ್ಷಕ್ಕಾಗುವಷ್ಟು ಒಮ್ಮೆಲೇ ಬರೆದಿಟ್ಟರೆ ತಪ್ಪೇನು?"

ಗುರು ಅಂದರು: "ಭಲೇ! ಊಟವನ್ನೂ ಹಾಗೇ ವರ್ಷಕ್ಕಾಗುವಷ್ಟು ಒಂದೇ ಸಲ ಉಂಡುಬಿಡು, ಅಡುಗೆಯವನಿಗಾದರೂ ಬಿಡುವು ಸಿಕ್ಕೀತು. ಕೂತುಕೋ, ಒಬ್ಬನ ವಿಷಯ ಹೇಳುತ್ತೇನೆ."

ಒಬ್ಬ ಪಂಚಾಂಗದವನಿದ್ದ. ಮುಂದಿನ ವರ್ಷದ ತಿಥಿ, ನಕ್ಷತ್ರ, ಗ್ರಹಣ ಎಲ್ಲವನ್ನೂ ಈ ವರ್ಷವೇ ಗುಣಿಸಿ ಬರೆಯುವುದು ಅವನ ಕಸುಬು. ಒಂಟಿ ಮನುಷ್ಯ. ಅದೇ ಊರಿನ ಇನ್ನೊಂದು ಬೀದಿಯಲ್ಲಿ ಅವನ ಅಕ್ಕ ಇದ್ದಳು. ದಿನಾ ಬೆಳಿಗ್ಗೆ ಫೋನು ಮಾಡುವಳು: "ಎದ್ದೆಯಾ? ತಿಂಡಿ ಆಯ್ತಾ?" ಅವನಿಗೆ ಅದು ರೇಜಿಗೆ. ಮುಹೂರ್ತ ಕೇಳುವವರ ಫೋನುಗಳೂ ಸೇರಿ ತಲೆ ಚಿಟ್ಟು ಹಿಡಿದುಹೋಯಿತು.

ಅದಕ್ಕೇ ಒಂದು ಜಾಲತಾಣ ಕಟ್ಟಿದ. ಅವಸರ ಮಾಡಲಿಲ್ಲ. ಮನೆ ಕಟ್ಟುವವರು ನಕ್ಷೆ ಹಾಕಿಸುವಂತೆ ಮೊದಲು ಹಾಳೆಯ ಮೇಲೆ ಗೀಚಿಕೊಂಡ. ಮೂರೇ ಪುಟ: ನಾನು ಯಾರು, ಮುಹೂರ್ತಗಳು, ಈ ದಿನ. ಮೂರನೆಯದು ಅಕ್ಕನಿಗಾಗಿ. "ಇನ್ನು ಫೋನು ಮಾಡಬೇಡ, ಪುಟ ನೋಡಿಕೋ" ಅಂದ. ಎದ್ದೆ, ಉಪ್ಪಿಟ್ಟು ತಿಂದೆ, ಚೆನ್ನಾಗಿದ್ದೇನೆ. ಹೀಗೆ ದಿನಕ್ಕೆರಡು ಸಾಲು ಬರೆಯುವನು. ಅಕ್ಕ ಓದಿ ನೆಮ್ಮದಿಯಿಂದ ಇರುವಳು. ಅಲ್ಲಿಯವರೆಗೆ ಚೆನ್ನಾಗಿಯೇ ಇತ್ತು, ನಾನೂ ಬೇಡ ಅನ್ನುವವನಲ್ಲ.

ನಾಲ್ಕು ತಿಂಗಳಿಗೆ ಬೇಸರ ಬಂತು. ಊರಿನವರ ದಿನಗಳನ್ನೆಲ್ಲ ಮೊದಲೇ ಬರೆಯುವವನು ನನ್ನ ದಿನಗಳನ್ನು ಬರೆಯಲಾರೆನೇ ಎಂದುಕೊಂಡ. ಯುಗಾದಿಯಿಂದ ಯುಗಾದಿಗೆ ತನ್ನ ದಿನಗಳನ್ನೆಲ್ಲ ಬರೆದು ಮುಗಿಸಿದ. ಬೆಳಿಗ್ಗೆ ಆರು ಗಂಟೆಗೆ ಆಯಾ ದಿನದ ಸಾಲು ತಾನಾಗಿ ಪುಟದಲ್ಲಿ ಮೂಡುವಂತೆ ಮಾಡಿದ. ಮೂಡಿದಾಗ ಫೋನು ಟಿಣ್ ಎನ್ನುತ್ತಿತ್ತು. ಅಕ್ಕನಿಗೆ ಇದನ್ನು ಹೇಳಲಿಲ್ಲ. ಏನಾದರೂ ಬದಲಾದರೆ ತಿದ್ದಿದರಾಯಿತು ಎಂಬ ಧೈರ್ಯ. ತಿದ್ದಿದನೇ, ಪುಣ್ಯಾತ್ಮ? ಪುಟದಲ್ಲಿ ಅವಲಕ್ಕಿ ಎಂದಿದ್ದರೆ ಹಸಿವಿಲ್ಲದಿದ್ದರೂ ಅವಲಕ್ಕಿಯನ್ನೇ ಕಲಸಿ ತಿನ್ನುತ್ತಿದ್ದ. ಬರಬರುತ್ತಾ, ಎದ್ದ ಕೂಡಲೇ ಪುಟ ನೋಡಿ ಇವತ್ತು ತಾನೇನು ಮಾಡುತ್ತೇನೆಂದು ತಿಳಿದುಕೊಳ್ಳುವಂತಾಯಿತು.

ಒಂದು ದಶಮಿಯ ಬೆಳಿಗ್ಗೆ ಬಚ್ಚಲಲ್ಲಿ ಜಾರಿ ಬಿದ್ದ. ಸೊಂಟ ಮುರಿಯಿತು. ಫೋನು ನಡುಮನೆಯಲ್ಲಿ. ಕೂಗಿದ, ಕೂಗಿ ಕೂಗಿ ಗಂಟಲು ಕಟ್ಟಿತು. ಮರುದಿನದ ಹೊತ್ತಿಗೆ ಧ್ವನಿಯೇ ಇರಲಿಲ್ಲ. ಆರು ಗಂಟೆಗೆ ನಡುಮನೆಯಲ್ಲಿ ಟಿಣ್ ಎಂದಿತು. ಏಕಾದಶಿಗೆ ಮೌನ ಹಿಡಿಯುವುದು ಅವನ ನಿಯಮ. ಪುಟದಲ್ಲಿ ಏನು ಮೂಡಿತೆಂದು ಅವನಿಗೆ ಗೊತ್ತಿತ್ತು. "ಏಕಾದಶಿ. ಉಪವಾಸ, ಮೌನ. ಚೆನ್ನಾಗಿದ್ದೇನೆ. ಯಾರೂ ಕರೆಯಬೇಡಿ."

ಆ ದಿನ ಅಕ್ಕ ದೇವಸ್ಥಾನದಿಂದ ಬರುತ್ತಾ ಅವನ ಬಾಗಿಲ ಮುಂದೆ ನಿಂತಳು. ಕೈಯಲ್ಲಿ ಬಾಳೆಹಣ್ಣು ಇತ್ತು. ಒಳಗಿನಿಂದ ಟಕ್ ಟಕ್ ಎಂದು ಕೇಳಿಸಿತು. ಅವನು ತಂಬಿಗೆಯಿಂದ ಗೋಡೆ ಬಡಿಯುತ್ತಿದ್ದ. ಅಕ್ಕ ಫೋನು ತೆಗೆದು ಪುಟ ಓದಿದಳು. "ಆಯ್ತಪ್ಪಾ ಆಯ್ತು, ನಿನ್ನ ಮೌನ ಕೆಡಿಸೋದಿಲ್ಲ, ಹೊರಟೆ. ಅದಕ್ಯಾಕೆ ಅಷ್ಟು ಸಿಟ್ಟು?" ಎಂದು ಹಣ್ಣನ್ನು ಹೊಸ್ತಿಲ ಬಳಿ ಇಟ್ಟಳು. ಬಡಿತ ಜೋರಾಯಿತು. ಅವಳು ನಗುತ್ತಾ ಬೀದಿಗಿಳಿದಳು. ಹೇಳುವಾಗಲೂ ಹೊಟ್ಟೆ ಉರಿಯುತ್ತದಯ್ಯ.

ದ್ವಾದಶಿಯ ದಿನ ಪುಟ, "ಪಾರಣೆಗೆ ಹೆಸರುಬೇಳೆ ಪಾಯಸ ಮಾಡಿದೆ. ಚೆನ್ನಾಗಿದ್ದೇನೆ" ಎಂದಿತು. ಅಕ್ಕ ಓದಿದಳು, ಸಂತೋಷಪಟ್ಟಳು.

ಮರುದಿನದ ತ್ರಯೋದಶಿ ಅವನು ಹುಟ್ಟಿದ ತಿಥಿ. ಪ್ರತಿವರ್ಷ ಆ ದಿನ ಅಕ್ಕ ಹೋಳಿಗೆ ಮಾಡಿ ಒಯ್ಯುತ್ತಿದ್ದಳು. ಬೆಳಿಗ್ಗೆ ಬೇಗನೆ ಎದ್ದು ಬೇಳೆ ಬೇಯಲು ಇಟ್ಟು ಫೋನು ನೋಡಿದಳು. ಪುಟದಲ್ಲಿ ಹೀಗಿತ್ತು: "ಅಕ್ಕ ಹೋಳಿಗೆ ತಂದಿದ್ದಳು. ಎರಡು ತಿಂದೆ. ಈಗತಾನೇ ಹೋದಳು. ಚೆನ್ನಾಗಿದ್ದೇನೆ."

ಬೇಳೆ ಇನ್ನೂ ಒಲೆಯ ಮೇಲಿತ್ತು. ಅವಳು ಅದನ್ನು ಮೂರು ಸಲ ಓದಿದಳು. ಇವನ ಮನೆಗೆ ಹೋಗಿಬಂದ ಅಕ್ಕ ಯಾರು? ಹೋಳಿಗೆ ತಿಂದವನು ಯಾರು? ಒಲೆ ಆರಿಸುವುದನ್ನೂ ಮರೆತು ಓಡಿದಳು.

ನೆರೆಯವರು ಬಾಗಿಲು ಒಡೆದರು. ಪ್ರಾಣ ಹೋಗಿ ಬಹಳ ಹೊತ್ತಾಗಿತ್ತು. ತಂಬಿಗೆ ನಗ್ಗಿತ್ತು, ಗೋಡೆಯ ಗಾರೆ ಅಂಗೈಯಗಲ ಉದುರಿತ್ತು. ಅದನ್ನು ನೋಡಿದಾಗ ಅಕ್ಕನಿಗೆ ತಿಳಿಯಿತು. "ಕರೀತಿದ್ದನಲ್ಲಪ್ಪಾ! ನನ್ನನ್ನೇ ಕರೀತಿದ್ದನಲ್ಲ!" ಎಂದು ನೆಲಕ್ಕೆ ಹಣೆ ಚಚ್ಚಿಕೊಂಡಳು.

ಪುಟದ ಬೀಗ ತೆಗೆಯುವ ಗುಟ್ಟಿನ ಪದ ಯಾರಿಗೂ ಗೊತ್ತಿರಲಿಲ್ಲ. ಹೆಣ ಎತ್ತಿದ ಮರುದಿನ ಆರಕ್ಕೆ ಅದು "ಚೆನ್ನಾಗಿದ್ದೇನೆ" ಎಂದಿತು. ಹದಿಮೂರನೆಯ ದಿನ, ಎಲೆ ಹಾಕುವ ಮೊದಲೂ ಹಾಗೇ ಅಂದಿತು. ಯುಗಾದಿಯವರೆಗೂ ಅನ್ನುತ್ತಲೇ ಇತ್ತು. ಅಕ್ಕ ಒಂದು ದಿನವೂ ಬಿಡದೆ ಓದಿದಳು.

ಗುರು ಕತೆ ಮುಗಿಸಿದರು. ಶಿಷ್ಯ, "ಆದರೂ ಗುರುಗಳೇ, ದಿನವೂ ನಾನೇ ಬರೆಯುತ್ತೇನೆಂದರೆ ಒಂದು ದಿನ ತಪ್ಪಿಯೇ ತಪ್ಪುತ್ತದೆ. ಅವತ್ತು ಓದುವವರು ಏನೆಂದುಕೊಂಡಾರು?" ಎಂದ.

"ಇವನಿಗೆ ಏನಾಯಿತೋ ಎಂದು ಎದ್ದು ಓಡಿಬಂದಾರು, ಅದಕ್ಕಲ್ಲವೇನಯ್ಯ ಮಿಕ್ಕ ದಿನವೆಲ್ಲ ಬರೆಯುವುದು?"