ಪಂಕ್ತಿ ಖಾಲಿ ಮಾಡಿದ ತಿಪ್ಪೇಶಿ

ಕೇಳ್ರವ್ವಾ, ನಗು ಬಂದ್ರೆ ನಗ್ರಿ, ಆದ್ರೆ ಹಾಲಮ್ಮನ ಕಿವಿಗೆ ಬೀಳದ ಹಾಗೆ ನಗ್ರಿ. ಪಾಪ, ನಮ್ಮ ಪಕ್ಕದ ಮನೆಯವಳು. ಅವಳಿಗೊಬ್ಬ ಮಗ ತಿಪ್ಪೇಶಿ, ಒಬ್ಬಳು ಮಗಳು ಅನಸೂಯಾ. ಮಗ ಆಳೆತ್ತರ ಬೆಳೆದಿದ್ದ, ಬುದ್ಧಿ ಮಾತ್ರ ಮೊಣಕಾಲಿಗೇ ನಿಂತಿತ್ತು. ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು. ಅಣ್ಣ ಇಂಥೋನು ಅಂತ ಅನಸೂಯಾಗೆ ಬಂದ ಎರಡು ಸಂಬಂಧ ಬಾಗಿಲಿಂದಲೇ ವಾಪಸ್ ಹೋಗಿದ್ವು.

"ಒಂದು ಕಡೆ ಕೆಲಸದಲ್ಲಿ ನಿಲ್ಲೋ! ನಿನ್ನ ತಂಗಿ ಮದುವೆ ಆಗ್ಲೋ!" ಅಂತ ಹಣೆ ಹಣೆ ಚಚ್ಕೊಂಡು ಹಾಲಮ್ಮ, ಕಾಲೇಜಿನ ಮುರಿಗೆಪ್ಪ ಸಾಹೇಬರ ಕಾಲು ಹಿಡಿದು, ಮಗನ್ನ ಕಂಪ್ಯೂಟರ್ ಕೋಣೆಗೆ ಸೇರಿಸಿದಳು.

ಅಲ್ಲೊಂದು ದೊಡ್ಡ ಮಷೀನು. ಅದರ ಹೊಟ್ಟೆಯೊಳಗೆ ಇನ್ನೂ ನಾಲ್ಕು ಮಷೀನು, ಕಣ್ಣಿಗೆ ಕಾಣಲ್ಲ, ಕೆಲಸ ಮಾತ್ರ ಮಾಡ್ತವೆ. ಯಾವುದಕ್ಕೆ ಮೆಮೊರಿ ಸಾಲದೋ ಅದಕ್ಕೆ ಓಡ್ತಿರುವಾಗಲೇ ಕೊಡೋದು, ಹೆಚ್ಚಾದ್ರೆ ಓಡ್ತಿರುವಾಗಲೇ ಈಸ್ಕೊಳ್ಳೋದು. ಅದೇ ತಿಪ್ಪೇಶಿ ಕೆಲಸ.

ಮೊದಲ ದಿನವೇ ಆ ನಾಲ್ಕರಲ್ಲಿ ರಿಸಲ್ಟ್ ತೋರ್ಸೋ ಮಷೀನು ಏದುಸಿರು ಬಿಡ್ತು. "ಅದಕ್ಕೊಂಚೂರು ಮೆಮೊರಿ ಕೊಡೋ!" ಅಂದ್ರು ಸಾಹೇಬ್ರು. ಇವನು ಒಂಚೂರೇ ಕೊಟ್ಟ. ಮಷೀನು ತಗೊಳ್ಳಲೇ ಇಲ್ಲ, ನಿಂತೇ ಹೋಯ್ತು.

"ಲೇ ಪೆದ್ದಾ! ಚೂರುಪಾರು ಅದಕ್ಕೆ ಆಗಲ್ವೋ! ನೂರಾ ಇಪ್ಪತ್ತೆಂಟು ಎಂಬಿ ಸೇರಿದ್ರೆ ಒಂದು ಬ್ಲಾಕು. ಕೊಟ್ರೆ ಇಡೀ ಬ್ಲಾಕು ಕೊಡು, ಚೂರು ಕೊಡಬೇಡ!"

"ಆಯ್ತು ಸಾರ್, ಚೂರು ಕೊಡಲ್ಲ."

ಅವತ್ತು ಸಂಜೆ ಹಾಲಿಗೆ ಹೆಪ್ಪು ಹಾಕೋಕೆ ತಿಪ್ಪೇಶಿ ಹತ್ರ ಒಂದು ಚಮಚ ಮೊಸರು ಕೇಳ್ದೆ ನಾನು. "ಚೂರು ಕೊಡಬಾರದಂತೆ ಬಸಕ್ಕಾ!" ಅಂತ ಮೊಸರಿನ ಗಡಿಗೆನೇ ತಂದು ಕೈಲಿಟ್ಟ. ನಾಚಿಕೆ ಬಿಟ್ಟು ಹೇಳ್ತೀನಿ, ಇಸ್ಕೊಂಡೆ. ಹಾಲಮ್ಮ ಮನೆಗೆ ಬರೋ ಹೊತ್ತಿಗೆ ಅದನ್ನ ಮಜ್ಜಿಗೆ ಮಾಡಿ ಎಲ್ಲರೂ ಕುಡಿದೂ ಆಗಿತ್ತು.

"ಅಯ್ಯೋ ನಿನ್ನ! ಹೆಚ್ಚು ಕೊಟ್ಟಿದ್ದು ಗೊತ್ತಾದ ಮೇಲೆ ಹೋಗಿ ಕಿತ್ಕೊಂಡು ಬರಬೇಕಪ್ಪಾ!"

"ಆಯ್ತವ್ವಾ, ಕಿತ್ಕೊಂಡು ಬರ್ತೀನಿ."

ಮಾರನೇ ದಿನ ಸಾಹೇಬ್ರು ಅಂದ್ರು, "ಲೈಬ್ರರಿ ಮಷೀನಿಗೆ ಒಂದು ಬ್ಲಾಕು ಹೆಚ್ಚಾಗಿದೆ, ನೋಡು." ನೋಡೋದೇನು, ಕಿತ್ಕೊಂಡೇ ಬಿಟ್ಟ! ಆ ಬ್ಲಾಕಿನೊಳಗೆ ಪುಟ ಅಂತ ಸಾವಿರಾರು ಸಣ್ಣ ಸಣ್ಣ ಭಾಗ, ಅದರಲ್ಲಿ ಒಂದೇ ಒಂದು ಪುಟ ಇನ್ನೂ ಬಳಕೆಯಲ್ಲಿತ್ತು. ಮಷೀನು ದೊಪ್ಪಂತ ಬಿತ್ತು.

"ನಿನ್ನ ತಲೆ! ಒಂದು ಪುಟ ಉಳಿದಿದ್ರೂ ಬ್ಲಾಕು ಮುಟ್ಟಬಾರದೋ! ಆ ಒಂದನ್ನ ನಾಜೂಕಾಗಿ ಎತ್ತಿ ಬೇರೆ ಕಡೆ ಇಟ್ಟು, ಆಮೇಲೆ ಉಳಿದಿದ್ದೆಲ್ಲ ತೆಗೀಬೇಕು. ಹೋಗು, ಒಂದು ವಾರ ಮುಖ ತೋರಿಸಬೇಡ!"

"ಆಯ್ತು ಸಾರ್, ನಾಜೂಕಾಗಿ ಎತ್ತಿಡ್ತೀನಿ."

ಅದೇ ವಾರ ಅನಸೂಯಾನ ನೋಡೋಕೆ ಮೂರನೇ ಗಂಡಿನ ಕಡೆಯವರು ಬಂದ್ರು. ಹುಡುಗಿ ಒಪ್ಪಿಗೆ ಆಯ್ತು, ಊಟ ಮುಗಿಸಿ ಎಲೆ ಅಡಿಕೆ ಬದಲಾಯಿಸೋದೊಂದೇ ಬಾಕಿ. ಬಡಿಸೋಕೆ ನಾನೂ ಹೋಗಿದ್ದೆ, ಒಂದು ಗಡಿಗೆ ಮೊಸರು ಹೊತ್ಕೊಂಡು. ಪಡಸಾಲೆಯಲ್ಲಿ ಮೊದಲ ಪಂಕ್ತಿ ಕೂತಿತ್ತು. ಎಲ್ಲರದ್ದೂ ಆಗಿತ್ತು, ಗಂಡಿನ ಅಜ್ಜ ಮಾತ್ರ ಬೊಚ್ಚು ಬಾಯಲ್ಲಿ ಪಾಯಸ ಚಪ್ಪರಿಸ್ತಾ ಕೂತಿದ್ದ. ಹಿರಿಯರು ಏಳದೆ ಪಂಕ್ತಿ ಏಳೋ ಹಾಗಿಲ್ಲ. ಹೊರಗೆ ಎರಡನೇ ಪಂಕ್ತಿಯವರು ಹಸಿದು ನಿಂತಿದ್ರು.

ತಿಪ್ಪೇಶಿ ನೋಡ್ದ. ಒಬ್ಬ ಉಳಿದಿದ್ದಾನೆ! ಹೋದ. ಅಜ್ಜನ್ನ ಮಣೆ ಸಮೇತ ನಾಜೂಕಾಗಿ ಎತ್ತಿದ. ಹಿತ್ತಲ ಬಟ್ಟೆ ಒಗೆಯೋ ಕಲ್ಲಿನ ಪಕ್ಕ ಇಳಿಸಿ, ಎಲೆನೂ ತಂದು ಮುಂದಿಟ್ಟ.

"ಎಲ್ಲರೂ ಏಳ್ರಪ್ಪಾ! ಖಾಲಿ ಮಾಡ್ರಿ!"

ಎದ್ರು. ಕೈ ತೊಳೆದು, ಅಜ್ಜನ ಕೈ ಹಿಡಿದು, ಚಪ್ಪಲಿ ಮೆಟ್ಕೊಂಡು ಹೊರಟೇ ಹೋದ್ರು. ಎಲೆ ಅಡಿಕೆ ತಟ್ಟೆಯಲ್ಲೇ ಉಳೀತು. ಅನಸೂಯಾ ಒಳಗೆ ಹೋಗಿ ಚಿಲಕ ಹಾಕ್ಕೊಂಡಳು. ನಾನು ನಕ್ಕುಬಿಟ್ಟಿದ್ದೆ ಕಣ್ರವ್ವಾ. ಇವತ್ತಿಗೂ ಹಾಲಮ್ಮನ ಮುಖ ನೋಡೋಕೆ ನಾಚಿಕೆ ನನಗೆ.

ಏನೋ ತಪ್ಪಾಗಿದೆ ಅಂತ ತಿಪ್ಪೇಶಿಗೂ ಗೊತ್ತಾಯ್ತು, ಏನು ಅಂತ ಗೊತ್ತಾಗಲಿಲ್ಲ. ತಲೆ ತಗ್ಗಿಸಿ ನಿಂತ. ಹಾಲಮ್ಮ ಖಾಲಿ ಪಂಕ್ತಿಯಲ್ಲಿ ಒಂದು ಮಣೆ ಮೇಲೆ ಕುಸಿದು, ಸೆರಗಲ್ಲಿ ಮುಖ ಮುಚ್ಕೊಂಡಳು.

"ಎಲ್ಲಾ ತೆಗೆದು ಗುಡಿಸೋ ಮಾರಾಯ. ನನ್ನ ಕೈಲಾಗಲ್ಲ."

ಎಲೆ ಎತ್ತಿದ, ನೀರು ಚಿಮುಕಿಸಿದ, ಪೊರಕೆ ತಂದ. ತಿರುಗಿ ನೋಡ್ದ. ಇನ್ನೂ ಒಬ್ಬಳು ಉಳಿದಿದ್ದಳು.

ಅಳ್ತಿದ್ದ ಅವ್ವನ್ನ ಮಣೆ ಸಮೇತ ನಾಜೂಕಾಗಿ ಎತ್ಕೊಂಡು ಹೋಗಿ, ಅದೇ ಕಲ್ಲಿನ ಪಕ್ಕ ಇಳಿಸಿ, ಸೆರಗು ಸರಿಮಾಡಿ ಹೇಳಿದ:

"ಆಯ್ತವ್ವಾ, ಈಗ ಪೂರ್ತಿ ಖಾಲಿ!"